ಪೊರೆ ಆಪರೇಷನ್, ಲೆನ್ಸ್, ಗ್ಲಾಕೋಮಾ: ಯಾವುದನ್ನು ಆರಿಸೋದು, ಯಾವುದು ಮೊದಲು?

ಅಮ್ಮನ ಕಣ್ಣಿಗೆ ಪೊರೆ ಬಂದಿದೆ ಅಂತ ಗೊತ್ತಾದಾಗ ನಮ್ಮ ಮನೆಯಲ್ಲಿ ಮೂರು ವಾರ ನಡೆದದ್ದು ಒಂದೇ ಮಾತು, ಯಾವ ಲೆನ್ಸ್ ಹಾಕಿಸೋದು ಅಂತ. ಕನ್ನಡಕವೇ ಬೇಡದಂಥ ಲೆನ್ಸ್ ಇದೆಯಂತೆ, ಈಗ ಎಲ್ಲ ಲೇಸರ್‌ನಲ್ಲೇ ಮಾಡ್ತಾರಂತೆ, ಹೀಗೆ ಅವರಿವರು ಹೇಳಿದ್ದನ್ನೆಲ್ಲ ಸೇರಿಸಿ ಒಂದು ಪಟ್ಟಿಯನ್ನೇ ಮಾಡಿಟ್ಟಿದ್ದೆವು. ಕಣ್ಣಿನ ಪ್ರೆಶರ್ ಎಷ್ಟಿದೆ, ಹಿಂದಿನ ನರ ಹೇಗಿದೆ ಅಂತ ನಾವೂ ಕೇಳಲಿಲ್ಲ, ಮೊದಲು ತೋರಿಸಿದ ಕಡೆ ಅವರೂ ಹೇಳಲಿಲ್ಲ. ಇನ್ನೊಬ್ಬರ ಅಭಿಪ್ರಾಯವನ್ನೂ ಕೇಳೋಣ ಅಂತ ಹೋದಾಗ ಅಲ್ಲಿನ ಡಾಕ್ಟರು ಪಾಪೆ ಹಿಗ್ಗಿಸಿ ನೋಡಿ, "ಪೊರೆ ಹಾಗಿರಲಿ, ಎಡಗಣ್ಣಿನ ನರ ಸವೆದಿದೆಯಲ್ಲ, ಇದಕ್ಕೆ ಏನು ಔಷಧಿ ಹಾಕ್ತಿದ್ದೀರಿ?" ಅಂದರು. ಏನೂ ಹಾಕುತ್ತಿರಲಿಲ್ಲ. ಅದು ಗ್ಲಾಕೋಮಾ ಅಂತ ನಮಗೆ ಗೊತ್ತಾದದ್ದೇ ಅವತ್ತು.

ಆಮೇಲೆ ನಾವು ಆರಿಸಿಟ್ಟಿದ್ದ ಲೆನ್ಸ್ ಬದಲಾಯಿತು, ಯಾವ ಕಣ್ಣಿಗೆ ಮೊದಲು ಏನು ಮಾಡಬೇಕು ಅನ್ನೋದೂ ಬದಲಾಯಿತು. ಬೇರೆಯವರಿಗೆ ಆ ಮೂರು ವಾರ ವ್ಯರ್ಥವಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಪೊರೆಗೆ ಯಾವ ದಾರಿ, ಯಾವ ಲೆನ್ಸ್, ಗ್ಲಾಕೋಮಾಕ್ಕೆ ಹನಿಯಾ ಲೇಸರಾ ಆಪರೇಷನ್ನಾ, ಎರಡೂ ಒಟ್ಟಿಗೆ ಇದ್ದರೆ ಯಾವುದು ಮೊದಲು, ಎಲ್ಲವನ್ನೂ ಒಂದೇ ಅಳತೆಯಲ್ಲಿ ನೋಡಿದ್ದೇನೆ. ಮಸುಕಾದ ಲೆನ್ಸನ್ನು ತೆಗೆದು ಬೇರೆ ಹಾಕಬಹುದು. ಸವೆದ ನರಕ್ಕೆ ಬದಲಿ ಇಲ್ಲ. ಹಾಗಾಗಿ ನರಕ್ಕೆ ಒಳ್ಳೆಯದು ಯಾವುದೋ ಅದು ಮೊದಲು, ಕನ್ನಡಕ ಬೇಕೋ ಬೇಡವೋ ಅನ್ನೋದು ಆಮೇಲೆ.

ಪೊರೆಯೋ ಗ್ಲಾಕೋಮಾನೋ, ಹೇಗೆ ತಿಳಿಯೋದು?

ನಮ್ಮ ಕಣ್ಣಿನ ಲೆನ್ಸ್ ಪಾಪೆಯ ಹಿಂದೆ, ಒಂದು ತೆಳುವಾದ ಚೀಲದೊಳಗೆ ಕೂತಿರುತ್ತದೆ. ಸಣ್ಣ ಸಣ್ಣ ದಾರಗಳು ಸುತ್ತಲಿಂದ ಅದನ್ನು ಹಿಡಿದಿರುತ್ತವೆ. ಅದರೊಳಗೆ ರಕ್ತನಾಳವೇ ಇಲ್ಲ, ಇರುವುದು ನೀರು ಮತ್ತು ಒಪ್ಪವಾಗಿ ಜೋಡಿಸಿಟ್ಟ ಪ್ರೋಟೀನು. ವಯಸ್ಸಾದ ಹಾಗೆ ಈ ಪ್ರೋಟೀನು ಗಂಟುಕಟ್ಟಿ, ಬಣ್ಣ ತಿರುಗಿ, ಬೆಳಕು ಹಾಯದಂತೆ ಆಗುತ್ತದೆ. ಅದೇ ಪೊರೆ. ಹೆಸರು ಕೇಳಿ ಕಣ್ಣಿನ ಮೇಲೆ ಏನೋ ಬೆಳೆದಿದೆ ಅಂತ ಬಹಳ ಜನ ತಿಳಿದಿರುತ್ತಾರೆ. ಹಾಗಲ್ಲ, ಒಳಗಿನ ಲೆನ್ಸೇ ಮಸುಕಾಗಿರುತ್ತದೆ.

ಪೊರೆಯಲ್ಲೂ ಬಗೆಗಳಿವೆ. ಲೆನ್ಸಿನ ನಡುಭಾಗ ಹಳದಿ, ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗುವುದು ಒಂದು ಬಗೆ. ಇದರಲ್ಲಿ ಒಂದು ವಿಚಿತ್ರ ನಡೆಯುತ್ತದೆ: ಇಷ್ಟು ವರ್ಷ ಓದುವ ಕನ್ನಡಕ ಹಾಕುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಕನ್ನಡಕ ಇಲ್ಲದೆ ಓದಲು ಬರುತ್ತದೆ. ಕಣ್ಣು ಸರಿಹೋಯ್ತು ಅಂತ ಖುಷಿಪಡುತ್ತಾರೆ, ಆದರೆ ಲೆನ್ಸ್ ಗಟ್ಟಿಯಾಗಿ ಅದರ ಪವರ್ ಬದಲಾಗಿದ್ದಕ್ಕೆ ಹಾಗಾಗಿರುತ್ತದೆ ಅಷ್ಟೇ. ಇನ್ನೊಂದು ಬಗೆ ಅಂಚಿನಿಂದ ಚಕ್ರದ ಕಡ್ಡಿಗಳ ಹಾಗೆ ಒಳಗೆ ಬರುವುದು, ಇದರಲ್ಲಿ ಎದುರಿನ ಗಾಡಿಯ ಬೆಳಕು ಕಣ್ಣು ಕುಕ್ಕುತ್ತದೆ. ಮೂರನೆಯದು ಲೆನ್ಸಿನ ಹಿಂಬದಿಗೆ ಅಂಟಿಕೊಂಡಂತೆ ಬರುವುದು. ಸ್ಟೀರಾಯ್ಡ್ ತುಂಬಾ ದಿನ ತೆಗೆದುಕೊಂಡವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸು ಇನ್ನೂ ಹೆಚ್ಚಾಗಿರದವರಲ್ಲಿ ಇದು ಜಾಸ್ತಿ. ಬೇಗ ಬೆಳೆಯುತ್ತದೆ, ಬಿಸಿಲಿನಲ್ಲೂ ಓದುವಾಗಲೂ ತೊಂದರೆ ಕೊಡುತ್ತದೆ.

ಗ್ಲಾಕೋಮಾ ಬೇರೆಯದೇ ಕಥೆ. ಕಣ್ಣಿನೊಳಗೆ ಒಂದು ನೀರು ಸದಾ ಹುಟ್ಟುತ್ತಿರುತ್ತದೆ, ಕಪ್ಪು ಗುಡ್ಡೆಯ ಅಂಚಿನಲ್ಲಿರುವ ಮೂಲೆಯ ಜರಡಿಯಿಂದ ಹೊರಗೆ ಹರಿಯುತ್ತಿರುತ್ತದೆ. ಹರಿಯುವ ದಾರಿ ಬಿಗಿಯಾದರೆ ಒಳಗೆ ಒತ್ತಡ ಏರುತ್ತದೆ. ಆ ಒತ್ತಡ ಕಣ್ಣಿನಿಂದ ಮೆದುಳಿಗೆ ಹೋಗುವ ನರವನ್ನು ಸವೆಸುತ್ತದೆ. ಈ ನರದಲ್ಲಿ ಸುಮಾರು 10ರಿಂದ 12 ಲಕ್ಷ ಎಳೆಗಳಿವೆ, ಸತ್ತ ಎಳೆ ಮತ್ತೆ ಹುಟ್ಟುವುದಿಲ್ಲ. ಪ್ರೆಶರ್ ಸಾಮಾನ್ಯವಾಗಿ (ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ) 10ರಿಂದ 21 ಇರಬೇಕು ಅನ್ನುತ್ತಾರೆ, ಆದರೆ 21ರ ಒಳಗಿದ್ದೂ ನರ ಸವೆಯುವವರಿದ್ದಾರೆ, 24 ಇದ್ದೂ ಏನೂ ಆಗದವರಿದ್ದಾರೆ. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ದಪ್ಪಗಿದ್ದರೆ ಪ್ರೆಶರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ತೆಳ್ಳಗಿದ್ದರೆ ಕಡಿಮೆ ತೋರಿಸುತ್ತದೆ. ಆದ್ದರಿಂದ ಒಂದು ಸಂಖ್ಯೆ ನೋಡಿ ಸಮಾಧಾನ ಪಡಬೇಡಿ, ನರ ನೋಡಿದ್ರಾ ಅಂತ ಕೇಳಿ.

ರೋಗಿಗೆ ಗೊತ್ತಾಗುವ ರೀತಿಯಲ್ಲೇ ದೊಡ್ಡ ವ್ಯತ್ಯಾಸ ಇದೆ. ಪೊರೆ ಬಂದರೆ ಎಲ್ಲ ಕಡೆಯೂ ಮಂಜು ಮಂಜು, ಬಣ್ಣ ಮಾಸಲು, ದೀಪದ ಸುತ್ತ ಹರಡಿದ ಬೆಳಕು, ಪದೇಪದೇ ಬದಲಾಗುವ ಕನ್ನಡಕದ ನಂಬರು. ಇವನ್ನು ಯಾರೂ ಗಮನಿಸದೆ ಬಿಡುವುದಿಲ್ಲ. ಗ್ಲಾಕೋಮಾದಲ್ಲಿ ನಡುವಿನ ನೋಟ ಕೊನೆಯವರೆಗೂ ಚೆನ್ನಾಗೇ ಇರುತ್ತದೆ, ಅಂಚಿನಲ್ಲಿ ಅಲ್ಲಲ್ಲಿ ತುಣುಕುಗಳು ಕಳೆದುಹೋಗುತ್ತವೆ, ಕಳೆದ ಜಾಗವನ್ನು ಮೆದುಳು ತಾನೇ ತುಂಬಿಕೊಂಡುಬಿಡುತ್ತದೆ. ಕಪ್ಪಾಗಿ ಕಾಣುವುದೇ ಇಲ್ಲ. ಅಮ್ಮ ಬಾಗಿಲ ಚೌಕಟ್ಟಿಗೆ ಎಡಭುಜ ಹೊಡೆದುಕೊಳ್ಳುತ್ತಿದ್ದರು, ನಾವು ಅದನ್ನೂ ಪೊರೆಯ ಲೆಕ್ಕಕ್ಕೆ ಹಾಕಿದ್ದೆವು.

ನೋವು ಕೊಡುವ ಗ್ಲಾಕೋಮಾ ಒಂದಿದೆ. ಆ ಮೂಲೆ ಪೂರ್ತಿ ಮುಚ್ಚಿಕೊಂಡರೆ ಕಣ್ಣು ಕೆಂಪಗಾಗಿ, ತಲೆ ಸಿಡಿದುಹೋಗುವಷ್ಟು ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ. ಹೊಟ್ಟೆಯ ತೊಂದರೆಯೋ ತಲೆನೋವೋ ಅಂದುಕೊಂಡು ಮಾತ್ರೆ ನುಂಗಿ ಮಲಗುವ ಹೊತ್ತಲ್ಲ ಅದು. ಬೆಳಗಾಗಲಿ ಅಂತ ಕಾಯದೆ ಆ ಗಂಟೆಯಲ್ಲೇ ಆಸ್ಪತ್ರೆಗೆ ಹೋಗಬೇಕು.

ಈಗಲೇ ಮಾಡಿಸೋದಾ, ಕಾಯೋದಾ?

"ಪೊರೆ ಬಲಿಯಲಿ, ಆಮೇಲೆ ತೆಗೆಸೋಣ" ಅನ್ನುವ ಮಾತು ಈಗಲೂ ಕೇಳುತ್ತೇವೆ ಅಲ್ವಾ? ಅದು ಹಳೆಯ ಕಾಲದ ಆಪರೇಷನ್ನಿಗೆ ಸರಿಯಿತ್ತು. ಆಗ ದೊಡ್ಡದಾಗಿ ಕೊಯ್ದು ಲೆನ್ಸನ್ನು ಚೀಲದ ಸಮೇತ ಹೊರಗೆಳೆಯುತ್ತಿದ್ದರು, ಬದಲಿ ಲೆನ್ಸ್ ಇರಲಿಲ್ಲ, ಉಳಿದ ಬದುಕಿಗೆ ಸೋಡಾಬುಡ್ಡಿ ಕನ್ನಡಕ. ಅಷ್ಟು ಕಷ್ಟಪಡುವ ಮೊದಲು ಕಣ್ಣು ಪೂರ್ತಿ ಹೋಗುವವರೆಗೆ ಕಾಯುವುದರಲ್ಲಿ ಅರ್ಥ ಇತ್ತು. ಈಗ ಲೆಕ್ಕ ಉಲ್ಟಾ. ಬಲಿತ ಪೊರೆ ಕಲ್ಲಿನ ಹಾಗೆ ಗಟ್ಟಿ, ಅದನ್ನು ಒಡೆಯಲು ಜಾಸ್ತಿ ಶಕ್ತಿ ಬೇಕು, ಅಷ್ಟು ಶಕ್ತಿ ಕಾರ್ನಿಯಾದ ಒಳಪದರಕ್ಕೆ ಪೆಟ್ಟು. ಆ ಪದರದ ಕೋಶಗಳು ಮತ್ತೆ ಬೆಳೆಯುವುದಿಲ್ಲ.

ಹಾಗಂತ ಪೊರೆ ಇದೆ ಅಂದ ಕೂಡಲೇ ಮಲಗಬೇಕಾಗಿಯೂ ಇಲ್ಲ. ಓದಲು, ನಡೆಯಲು, ಗಾಡಿ ಓಡಿಸಲು, ನಿಮ್ಮ ಕೆಲಸಕ್ಕೆ ತೊಂದರೆ ಆಗುತ್ತಿದೆಯಾ ಅನ್ನುವುದೇ ಮುಖ್ಯ ಪ್ರಶ್ನೆ. ಆಗುತ್ತಿಲ್ಲ, ನರ ಚೆನ್ನಾಗಿದೆ, ಪ್ರೆಶರ್ ಸರಿ ಇದೆ ಅಂದರೆ ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ತೋರಿಸಿದರೆ ಸಾಕು. ಪೊರೆ ಕರಗಿಸುವ ಹನಿ ಅಂತ ಯಾರಾದರೂ ಮಾರಿದರೆ ನಂಬಬೇಡಿ. ಪೊರೆ ಕರಗಿಸುತ್ತದೆ ಅಂತ ಸಾಬೀತಾದ ಹನಿ ಯಾವುದೂ ಇಲ್ಲ.

ಕಾಯಲೇಬಾರದ ಸಂದರ್ಭಗಳಿವೆ, ಇಲ್ಲಿ ಪೊರೆಯೂ ಗ್ಲಾಕೋಮಾವೂ ಕೈಹಿಡಿದುಕೊಂಡು ಬರುತ್ತವೆ. ತುಂಬಾ ಬಲಿತ ಪೊರೆ ನೀರು ಹೀರಿ ಊದಿಕೊಂಡು ಮುಂದೆ ತಳ್ಳಿದರೆ ಮೂಲೆ ಮುಚ್ಚಿಹೋಗುತ್ತದೆ. ಇಲ್ಲವೇ ಲೆನ್ಸಿನೊಳಗಿನ ಪ್ರೋಟೀನು ಸೋರಿ ಆ ಜರಡಿಯನ್ನೇ ಕಟ್ಟಿಬಿಡುತ್ತದೆ. ಎರಡರಲ್ಲೂ ಪ್ರೆಶರ್ ಒಮ್ಮೆಗೇ ಏರುತ್ತದೆ, ಸುಮ್ನೆ ತೆಗೆಸಿದ್ದರೆ ಮುಗಿಯುತ್ತಿದ್ದ ಪೊರೆ ನರವನ್ನೂ ತಿಂದು ಹೋಗುತ್ತದೆ. ಹಿಂದಿನ ರೆಟಿನಾ (ಬೆಳಕು ಹಿಡಿಯುವ ಪದರ), ನರ ನೋಡಲು ಆಗದಷ್ಟು ಪೊರೆ ದಟ್ಟವಾಗಿದ್ದರೂ ಕಾಯಬಾರದು, ಯಾಕೆಂದರೆ ಹಿಂದೆ ಏನಾಗುತ್ತಿದೆ ಅಂತ ಯಾರಿಗೂ ಕಾಣುವುದಿಲ್ಲ. ಹುಟ್ಟುವಾಗಲೇ ಪೊರೆ ಇರುವ ಮಗುವಿನದ್ದು ಇನ್ನೂ ತುರ್ತು: ನೋಡುವುದನ್ನು ಮೆದುಳು ಕಲಿಯುವ ವಯಸ್ಸು ಅದು, ಪೊರೆ ದಟ್ಟವಾಗಿದ್ದರೆ ವಾರಗಳ ಲೆಕ್ಕದಲ್ಲಿ ನಿರ್ಧಾರ ಆಗಬೇಕು.

ಫೇಕೋ, ಎಸ್‌ಐಸಿಎಸ್, ಫೆಮ್ಟೋ

ಪೊರೆ ತೆಗೆಯುವ ಮೂರು ವಿಧಾನಗಳಿವು. ಮೊದಲು ಒಂದು ಗೊಂದಲ ಬಿಡಿಸೋಣ. ಜನ "ಲೇಸರ್ ಆಪರೇಷನ್" ಅಂತ ಕರೆಯುವುದು ಬಹಳ ಸಲ ಫೇಕೋವನ್ನು. ಅದರಲ್ಲಿ ಲೇಸರ್ ಇಲ್ಲವೇ ಇಲ್ಲ. ಅಲ್ಟ್ರಾಸೌಂಡ್ ವೇಗದಲ್ಲಿ ಅದುರುವ ಒಂದು ಸೂಜಿ ಪೊರೆಯನ್ನು ಪುಡಿಮಾಡಿ ಹೀರಿಕೊಳ್ಳುತ್ತದೆ. 1967ರಲ್ಲಿ ಚಾರ್ಲ್ಸ್ ಕೆಲ್ಮನ್ ಅನ್ನುವ ಅಮೆರಿಕದ ವೈದ್ಯರು ಶುರುಮಾಡಿದ್ದು. ಈಗ ಕೊಯ್ತ 2ರಿಂದ 3 ಮಿಲಿಮೀಟರ್ ಒಳಗೆ, ಸಾಮಾನ್ಯವಾಗಿ ಹೊಲಿಗೆ ಇಲ್ಲ, ಮಡಚಿದ ಲೆನ್ಸನ್ನು ಅಷ್ಟು ಸಣ್ಣ ತೂತಿನಿಂದಲೇ ಒಳಗೆ ಬಿಡುತ್ತಾರೆ.

ಎಸ್‌ಐಸಿಎಸ್‌ನಲ್ಲಿ, ಅಂದರೆ ಸಣ್ಣ ಕೊಯ್ತದ ಪೊರೆ ಆಪರೇಷನ್ನಿನಲ್ಲಿ, ಬಿಳಿ ಗುಡ್ಡೆಯಲ್ಲಿ 6ರಿಂದ 7 ಮಿಲಿಮೀಟರಿನ ಸುರಂಗದಂಥ ದಾರಿ ಮಾಡಿ ಪೊರೆಯ ಗಟ್ಟಿ ಭಾಗವನ್ನು ಇಡಿಯಾಗಿ ಹೊರತೆಗೆಯುತ್ತಾರೆ. ಆ ದಾರಿ ತಾನೇ ಮುಚ್ಚಿಕೊಳ್ಳುತ್ತದೆ, ಇದರಲ್ಲೂ ಹೆಚ್ಚಾಗಿ ಹೊಲಿಗೆ ಬೇಡ. ಇದನ್ನು ಕಳಪೆ ಅಂತ ನೋಡುವವರಿದ್ದಾರೆ, ಅದು ತಪ್ಪು. ಕಲ್ಲಿನಂತೆ ಗಟ್ಟಿಯಾದ ಕಂದು ಪೊರೆಗೆ ಅಲ್ಟ್ರಾಸೌಂಡ್ ಹಚ್ಚಿ ಕಾರ್ನಿಯಾ ಕೆಡಿಸಿಕೊಳ್ಳುವುದಕ್ಕಿಂತ ಪಳಗಿದ ಕೈಯಲ್ಲಿ ಎಸ್‌ಐಸಿಎಸ್ ಮಾಡಿಸಿಕೊಳ್ಳುವುದೇ ಜಾಣತನ. ಫೇಕೋಗೆ ಹೋಲಿಸಿದರೆ ಚೇತರಿಕೆ ಸ್ವಲ್ಪ ನಿಧಾನ, ಸಿಲಿಂಡರ್ ನಂಬರು (ಕಾರ್ನಿಯಾದ ಬಾಗು ಎಲ್ಲ ಕಡೆ ಒಂದೇ ಸಮ ಇರದಿದ್ದರೆ ಬರುವ ನಂಬರು) ಸ್ವಲ್ಪ ಜಾಸ್ತಿ ಬರಬಹುದು.

ಗ್ಲಾಕೋಮಾ ಇರುವವರು ಇಲ್ಲಿ ಒಂದು ವಿಷಯ ಗಮನಿಸಬೇಕು, ಇದನ್ನು ಕೇಳದೆ ಯಾರೂ ಹೇಳುವುದಿಲ್ಲ. ಮುಂದೆ ಎಂದಾದರೂ ಗ್ಲಾಕೋಮಾ ಆಪರೇಷನ್ ಬೇಕಾದರೆ ಬಿಳಿ ಗುಡ್ಡೆಯ ಮೇಲ್ಭಾಗದ ತೆಳು ಪದರ ಕಲೆಯಿಲ್ಲದೆ ಇರಬೇಕು. ಎಸ್‌ಐಸಿಎಸ್‌ನ ದಾರಿ ಮೇಲಿನಿಂದಲೇ ತೆಗೆದರೆ ಅಲ್ಲಿ ಕಲೆ ಕಟ್ಟುತ್ತದೆ. ಪಕ್ಕದಿಂದ, ಅಂದರೆ ಕಿವಿಯ ಕಡೆಯಿಂದ ಮಾಡುವ ಫೇಕೋದಲ್ಲಿ ಆ ಜಾಗ ಹಾಗೇ ಉಳಿಯುತ್ತದೆ. ಹೀಗಾಗಿ ಪೊರೆ ಅಷ್ಟೇನೂ ಗಟ್ಟಿಯಿಲ್ಲದ ಗ್ಲಾಕೋಮಾ ಕಣ್ಣಿಗೆ ನನ್ನ ಒಲವು ಫೇಕೋ ಕಡೆಗೆ.

ಫೆಮ್ಟೋ ಅನ್ನುವುದು ನಿಜವಾದ ಲೇಸರ್. ಕೊಯ್ತ, ಚೀಲದ ಬಾಯಿ ತೆರೆಯುವುದು, ಪೊರೆಯನ್ನು ಹೋಳು ಮಾಡುವುದು ಇಷ್ಟನ್ನು ಲೇಸರ್ ಮಾಡುತ್ತದೆ, ಉಳಿದದ್ದು ಅದೇ ಫೇಕೋ. ಕೇಳಲು ಚೆನ್ನಾಗಿದೆ. ಆದರೆ 2020ರಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ನಿನಿಂದ ಬಂದ ಎರಡು ದೊಡ್ಡ ಹೋಲಿಕೆ ಅಧ್ಯಯನಗಳಲ್ಲಿ ಮಾಮೂಲಿ ಫೇಕೋಗಿಂತ ಇದರಿಂದ ನೋಟ ಹೆಚ್ಚೇನೂ ಚೆನ್ನಾಗಿ ಬರಲಿಲ್ಲ. ಲೇಸರ್ ಹಾಯಿಸುವಾಗ ಕಣ್ಣನ್ನು ಹಿಡಿಯುವ ಬಳೆ ಸ್ವಲ್ಪ ಹೊತ್ತು ಪ್ರೆಶರನ್ನೂ ಏರಿಸುತ್ತದೆ. ಸವೆದ ನರಕ್ಕೆ ಆ ಭಾರ ಯಾಕೆ? ಹೆಚ್ಚು ದುಡ್ಡು ಕೊಟ್ಟು ಇದನ್ನೇ ಮಾಡಿಸಬೇಕು ಅಂತ ನನಗೆ ಅನ್ನಿಸುವುದಿಲ್ಲ.

ಯಾವ ಲೆನ್ಸ್?

1949ರ ನವೆಂಬರ್ 29ರಂದು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಅನ್ನುವ ವೈದ್ಯರು ಮೊದಲ ಸಲ ಕಣ್ಣಿನೊಳಗೆ ಕೃತಕ ಲೆನ್ಸ್ ಕೂರಿಸಿದರು. ಯುದ್ಧದಲ್ಲಿ ವಿಮಾನದ ಗಾಜುಕವಚದ ಚೂರುಗಳು ಪೈಲಟ್‌ಗಳ ಕಣ್ಣಿಗೆ ಸಿಡಿದಿದ್ದವು, ಆ ಅಕ್ರಿಲಿಕ್ ಚೂರುಗಳನ್ನು ಕಣ್ಣು ತಿರಸ್ಕರಿಸದೆ ಇಟ್ಟುಕೊಂಡಿದ್ದನ್ನು ಅವರು ಕಂಡಿದ್ದರು. ಅಂಥದ್ದೇ ವಸ್ತುವಿನಲ್ಲಿ ಲೆನ್ಸ್ ಮಾಡಬಾರದೇಕೆ ಅನ್ನುವ ಯೋಚನೆ ಹುಟ್ಟಿದ್ದು ಅಲ್ಲಿಂದ. ನನಗೆ ಇದು ಬಹಳ ಹಿಡಿಸಿದ ಸಂಗತಿ. ಇವತ್ತಿಗೂ ಹೆಚ್ಚಿನ ಲೆನ್ಸುಗಳು ಅಕ್ರಿಲಿಕ್ ಜಾತಿಯವೇ, ಮಡಚುವಷ್ಟು ಮೆತ್ತಗಾಗಿವೆ ಅಷ್ಟೇ.

ಮೋನೋಫೋಕಲ್ ಅಂದರೆ ಒಂದೇ ದೂರಕ್ಕೆ ಸ್ಪಷ್ಟ. ಸಾಮಾನ್ಯವಾಗಿ ದೂರಕ್ಕೆ ಹೊಂದಿಸುತ್ತಾರೆ, ಓದಲು ಕನ್ನಡಕ ಹಾಕಬೇಕು. ಒಳಬಂದ ಬೆಳಕೆಲ್ಲ ಒಂದೇ ಕಡೆ ಕೂಡುವುದರಿಂದ ನೋಟ ಅಚ್ಚುಕಟ್ಟು, ರಾತ್ರಿ ದೀಪದ ಸುತ್ತ ಬಳೆ ಕಾಣುವುದು ಕಡಿಮೆ. ಮಲ್ಟಿಫೋಕಲ್, ಟ್ರೈಫೋಕಲ್ ಲೆನ್ಸುಗಳು ಬೆಳಕನ್ನು ದೂರಕ್ಕಿಷ್ಟು, ಹತ್ತಿರಕ್ಕಿಷ್ಟು ಅಂತ ಹಂಚುತ್ತವೆ. ಕನ್ನಡಕದ ಅಗತ್ಯ ಬಹಳ ಕಡಿಮೆಯಾಗುತ್ತದೆ, ಇದು ನಿಜವಾದ ಲಾಭ, ಕಡೆಗಣಿಸುವಂಥದ್ದಲ್ಲ. ಬದಲಿಗೆ ಕೊಡಬೇಕಾದ್ದು ಕಾಂಟ್ರಾಸ್ಟ್, ಅಂದರೆ ಮಬ್ಬಿನಲ್ಲಿ ಬೂದು ಮೆಟ್ಟಿಲು ಎಲ್ಲಿ ಮುಗಿಯಿತು ಅಂತ ಗುರುತಿಸುವ ಶಕ್ತಿ. ಜೊತೆಗೆ ರಾತ್ರಿ ದೀಪಗಳ ಸುತ್ತ ಬಳೆ. ಇವೆರಡರ ನಡುವೆ ನಿಲ್ಲುವುದು ಇಡಾಫ್ ಲೆನ್ಸ್: ದೂರ ಮತ್ತು ಕಂಪ್ಯೂಟರ್ ದೂರ ಚೆನ್ನಾಗಿ, ಸಣ್ಣ ಅಕ್ಷರಕ್ಕೆ ಕನ್ನಡಕ ಬೇಕಾಗಬಹುದು, ಬಳೆಗಳ ಕಾಟ ಸಾಮಾನ್ಯವಾಗಿ ಮಲ್ಟಿಫೋಕಲ್‌ಗಿಂತ ಕಡಿಮೆ. ಟೋರಿಕ್ ಅನ್ನುವುದು ಬೇರೆ ಗುಂಪಲ್ಲ, ಕಾರ್ನಿಯಾದ ಸಿಲಿಂಡರ್ ನಂಬರನ್ನು ಸರಿಪಡಿಸುವ ಗುಣ. ಮೋನೋಫೋಕಲ್‌ನಲ್ಲೂ ಅದು ಸಿಗುತ್ತದೆ, ಮಲ್ಟಿಫೋಕಲ್‌ನಲ್ಲೂ ಸಿಗುತ್ತದೆ.

ಈಗ ನರದ ಪ್ರಶ್ನೆಗೆ ಬನ್ನಿ. ಗ್ಲಾಕೋಮಾ ಮೊದಲೇ ಕಾಂಟ್ರಾಸ್ಟನ್ನು ತಿನ್ನುತ್ತದೆ. ಅದರ ಮೇಲೆ ಮಲ್ಟಿಫೋಕಲ್ ಇಟ್ಟರೆ ಇದ್ದದ್ದೂ ಹೋಗುತ್ತದೆ. ಕಣ್ಣಿನ ನೋಟದ ಹರಹು ಅಳೆಯುವ ಪರೀಕ್ಷೆ, ಅದೇ ಫೀಲ್ಡ್ ಟೆಸ್ಟ್, ಅದರಲ್ಲಿ ತುಣುಕುಗಳು ಕಳೆದಿರುವುದು ಕಂಡವರಿಗೆ ಮಲ್ಟಿಫೋಕಲ್ ಬೇಡ ಅಂತ ನಾನು ನೇರವಾಗಿಯೇ ಹೇಳುತ್ತೇನೆ. ಪ್ರೆಶರ್ ಸ್ವಲ್ಪ ಜಾಸ್ತಿ ಇದ್ದು ನರ ಪೂರ್ತಿ ಚೆನ್ನಾಗಿದ್ದರೆ ಡಾಕ್ಟರ ಜೊತೆ ಮಾತಾಡಬಹುದು, ಆದರೆ ಇಪ್ಪತ್ತು ವರ್ಷದ ನಂತರ ಆ ನರ ಹೇಗಿರುತ್ತದೆ ಅನ್ನುವುದನ್ನೂ ನೆನೆಸಿಕೊಂಡು ಮಾತಾಡಿ. ಅಮ್ಮನಿಗೆ ಮೋನೋಫೋಕಲ್ಲೇ ಹಾಕಿಸಿದೆವು. ಟೋರಿಕ್‌ಗೆ ಅಂಥ ಅಡ್ಡಿ ಇಲ್ಲ, ಲೆನ್ಸ್ ಹಿಡಿದಿರುವ ದಾರಗಳು ಗಟ್ಟಿ ಇದ್ದರೆ ಸಾಕು. ಸೂಡೋಎಕ್ಸ್‌ಫೋಲಿಯೇಷನ್ ಅನ್ನುವ ಸ್ಥಿತಿಯಲ್ಲಿ ಬಿಳಿ ಹೊಟ್ಟಿನಂಥದ್ದು ಕಣ್ಣೊಳಗೆ ಕೂತು ಗ್ಲಾಕೋಮಾವನ್ನೂ ತರುತ್ತದೆ, ಆ ದಾರಗಳನ್ನೂ ಸಡಿಲ ಮಾಡುತ್ತದೆ. ಪೆಟ್ಟು ಬಿದ್ದ ಕಣ್ಣಿನಲ್ಲಿ, ಮಾರ್ಫಾನ್ ಅನ್ನುವ ಹುಟ್ಟಿನಿಂದ ಬರುವ ಕಾಯಿಲೆ ಇರುವವರಲ್ಲಿ ಲೆನ್ಸೇ ಜಾಗ ಬಿಟ್ಟು ಸರಿದಿರಬಹುದು. ಅಂಥ ಕಣ್ಣಿಗೆ ಯಾವ ಲೆನ್ಸ್ ಅನ್ನುವುದಕ್ಕಿಂತ ಯಾರು ಆಪರೇಷನ್ ಮಾಡುತ್ತಾರೆ ಅನ್ನುವುದೇ ಮುಖ್ಯ.

ಬಹಳ ಜನ ಕೇಳದೆ ಬಿಡುವ ಇನ್ನೊಂದು ಪ್ರಶ್ನೆ: ಲೆನ್ಸನ್ನು ದೂರಕ್ಕೇ ಹೊಂದಿಸಬೇಕಾ? ಚಿಕ್ಕಂದಿನಿಂದ ಮೈನಸ್ ನಂಬರಿನವರು, ಕನ್ನಡಕ ತೆಗೆದು ಪುಸ್ತಕ ಹತ್ತಿರ ಹಿಡಿದು ಓದಿ ಬೆಳೆದವರು, ಆಪರೇಷನ್ ಆದ ಮೇಲೆ ದೂರ ಫಳಫಳ ಕಂಡರೂ ಓದಲು ಕನ್ನಡಕ ಹುಡುಕಬೇಕಾಗಿ ಬಂದಾಗ ಬೇಜಾರು ಮಾಡಿಕೊಳ್ಳುತ್ತಾರೆ. ಅಂಥವರು ಹತ್ತಿರಕ್ಕೇ ಹೊಂದಿಸಿಕೊಳ್ಳಬಹುದು. ಒಂದು ಕಣ್ಣು ದೂರಕ್ಕೆ, ಇನ್ನೊಂದು ಹತ್ತಿರಕ್ಕೆ ಹೊಂದಿಸುವ ಕ್ರಮವೂ ಇದೆ. ಮೊದಲೇ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಒಗ್ಗುತ್ತದಾ ಅಂತ ನೋಡಬಹುದು. ಒಂದು ಕಣ್ಣಿನ ನರ ತುಂಬಾ ಸವೆದಿದ್ದರೆ ಮಾತ್ರ ಇದು ಬೇಡ, ಎರಡು ಕಣ್ಣೂ ತಮ್ಮ ಪಾಲಿನ ಕೆಲಸ ಮಾಡುವಂತಿರಬೇಕು.

ಆಪರೇಷನ್ ಆಗಿ ತಿಂಗಳೋ ವರ್ಷವೋ ಕಳೆದು ಮತ್ತೆ ಮಂಜಾದರೆ "ಪೊರೆ ಮತ್ತೆ ಬಂತು" ಅನ್ನುತ್ತಾರೆ. ಪೊರೆ ಮತ್ತೆ ಬರುವುದಿಲ್ಲ. ಲೆನ್ಸ್ ಕೂರಿಸಿದ ಚೀಲದ ಹಿಂಭಾಗ ಮಸುಕಾಗಿರುತ್ತದೆ, ಯಾಗ್ ಲೇಸರ್‌ನಿಂದ ಕೆಲವೇ ನಿಮಿಷದಲ್ಲಿ ಅಲ್ಲಿ ಕಿಟಕಿ ತೆರೆಯುತ್ತಾರೆ. ಹೈಡ್ರೋಫೋಬಿಕ್ (ನೀರು ಅಷ್ಟಾಗಿ ಹೀರದ) ಅಕ್ರಿಲಿಕ್, ಚೌಕ ಅಂಚಿನ ಲೆನ್ಸುಗಳಲ್ಲಿ ಇದು ಕಡಿಮೆ. ಒಂದು ಎಚ್ಚರ ಮಾತ್ರ ಇರಲಿ. ಹಾಕಿದ ಲೆನ್ಸೇ ಹೊಂದುತ್ತಿಲ್ಲ, ಬದಲಾಯಿಸಬೇಕು ಅನ್ನುವ ಯೋಚನೆ ಇದ್ದರೆ ಯಾಗ್‌ಗೆ ಮೊದಲೇ ಹೇಳಿ. ಕಿಟಕಿ ತೆರೆದ ಮೇಲೆ ಲೆನ್ಸ್ ಬದಲಾಯಿಸುವುದು ಕಷ್ಟ. ಗ್ಲಾಕೋಮಾ ಇರುವವರು ಯಾಗ್ ಆದ ದಿನ ಪ್ರೆಶರನ್ನೂ ನೋಡಿಸಿಕೊಳ್ಳಿ, ಕೆಲವರಲ್ಲಿ ಏರುತ್ತದೆ.

ಗ್ಲಾಕೋಮಾಕ್ಕೆ ಹನಿ, ಲೇಸರ್, ಆಪರೇಷನ್

ಈ ಮೂರರಲ್ಲಿ ಯಾವುದೂ ಹೋದ ನೋಟವನ್ನು ತರುವುದಿಲ್ಲ, ಇರುವುದನ್ನು ಕಾಯುತ್ತವೆ. ಇದನ್ನು ಮೊದಲೇ ಒಪ್ಪಿಕೊಂಡರೆ ಔಷಧಿ ಬಿಡುವುದು ತಪ್ಪುತ್ತದೆ. "ಹಾಕಿದರೂ ಏನೂ ಚೆನ್ನಾಗಿ ಕಾಣ್ತಿಲ್ಲ" ಅಂತ ಅಮ್ಮನೂ ಒಂದು ತಿಂಗಳು ಬಿಟ್ಟಿದ್ದರು.

ಹನಿಗಳಲ್ಲಿ ಸಾಮಾನ್ಯವಾಗಿ ಮೊದಲು ಬರೆಯುವುದು ಲ್ಯಾಟನೋಪ್ರಾಸ್ಟ್ ಜಾತಿಯವು, ದಿನಕ್ಕೆ ಒಂದೇ ಸಲ, ರಾತ್ರಿ. ರೆಪ್ಪೆ ಕೂದಲು ಉದ್ದವಾಗುವುದು, ಕಣ್ಣಿನ ಸುತ್ತ ಕಪ್ಪಾಗುವುದು, ಕಣ್ಣು ಕೆಂಪಾಗುವುದು ಇದರ ತೊಂದರೆಗಳು. ಟಿಮೊಲಾಲ್ ಹಳೆಯದು, ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅಸ್ತಮಾ ಇರುವವರಿಗೆ, ಎದೆಬಡಿತ ನಿಧಾನ ಇರುವವರಿಗೆ ಅಪಾಯ. ಕಣ್ಣಿನ ಹನಿ ದೇಹಕ್ಕೆ ಏನು ಮಾಡೀತು ಅಂತ ಅಂದುಕೊಂಡು ಅಸ್ತಮಾ ವಿಷಯ ಹೇಳದೆ ಬಿಡಬೇಡಿ. ಒಂದೇ ಹನಿ ಸಾಕು. ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿದರೆ ಔಷಧಿ ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಲೇಸರ್‌ನಲ್ಲಿ ಎಸ್‌ಎಲ್‌ಟಿ ಅನ್ನುವುದು ಮೂಲೆ ತೆರೆದೇ ಇರುವ ಗ್ಲಾಕೋಮಾಕ್ಕೆ. ನೀರು ಹರಿಯುವ ಜರಡಿಗೆ ಲೇಸರ್ ಬೆಳಕು ಕೊಟ್ಟು ಹರಿವು ಸುಧಾರಿಸುವಂತೆ ಮಾಡುತ್ತಾರೆ, ಕೆಲವು ನಿಮಿಷದ ಕೆಲಸ. ಬ್ರಿಟನ್ನಿನ ಲೈಟ್ ಅಧ್ಯಯನ 2019ರಲ್ಲಿ ಹೊರಬಂತು. ಮೊದಲೇ ಎಸ್‌ಎಲ್‌ಟಿ ಮಾಡಿಸಿಕೊಂಡವರಲ್ಲಿ ನೂರಕ್ಕೆ 74 ಮಂದಿಗೆ ಮೂರು ವರ್ಷ ಆದಾಗಲೂ ಹನಿ ಹಾಕದೆಯೇ ಪ್ರೆಶರ್ ಹಿಡಿತದಲ್ಲಿತ್ತು. ದಿನಾ ಹನಿ ಹಾಕಲು ಮರೆಯುವವರು, ಕೈ ನಡುಗುವವರು, ಹನಿಯಿಂದ ಕಣ್ಣು ಉರಿಯುವವರು ಹನಿಗೆ ಮೊದಲೇ ಎಸ್‌ಎಲ್‌ಟಿ ಬಗ್ಗೆ ಕೇಳಿ. ಇದರ ಪರಿಣಾಮ ವರ್ಷಗಳಲ್ಲಿ ಇಳಿಯಬಹುದು, ಆಗ ಮತ್ತೆ ಮಾಡಬಹುದು. ಮೂಲೆ ಕಿರಿದಾಗಿರುವವರಿಗೆ ಮಾಡುವ ಲೇಸರ್ ಬೇರೆ. ಅದರಲ್ಲಿ ಕಣ್ಣಿನ ಬಣ್ಣದ ಪರದೆಯಲ್ಲಿ ಸಣ್ಣ ತೂತು ಮಾಡುತ್ತಾರೆ. ಎರಡನ್ನೂ "ಲೇಸರ್" ಅಂತಲೇ ಕರೆಯುವುದರಿಂದ ನಿಮಗೆ ಯಾವುದು ಅಂತ ಬರೆಸಿಕೊಂಡು ಬನ್ನಿ.

ಆಪರೇಷನ್ನಿನಲ್ಲಿ ಹಳೆಯದೂ ಗಟ್ಟಿಯೂ ಆದದ್ದು ಟ್ರ್ಯಾಬೆಕ್ಯುಲೆಕ್ಟಮಿ, 1960ರ ದಶಕದಿಂದ ನಡೆದುಬಂದದ್ದು. ಬಿಳಿ ಗುಡ್ಡೆಯಲ್ಲಿ ಮುಚ್ಚಳದಂಥ ದಾರಿ ಮಾಡಿ ನೀರು ಮೇಲಿನ ಪದರದಡಿ ಹರಿಯುವಂತೆ ಬಿಡುತ್ತಾರೆ. ಪ್ರೆಶರ್ ಚೆನ್ನಾಗಿ ಇಳಿಯುತ್ತದೆ, ನರ ತುಂಬಾ ಸವೆದವರಿಗೆ ಅಷ್ಟು ಇಳಿಯಲೇಬೇಕು. ಆದರೆ ಮೊದಲ ವಾರಗಳಲ್ಲಿ ಪದೇಪದೇ ತೋರಿಸಬೇಕು, ಪ್ರೆಶರ್ ಅತಿಯಾಗಿ ಇಳಿಯುವ ಭಯ ಇದೆ, ಸೋಂಕಿನ ಎಚ್ಚರ ಜೀವನಪೂರ್ತಿ ಇರಬೇಕು, ಪೊರೆಯೂ ಬೇಗ ಬೆಳೆಯುತ್ತದೆ. ಸಣ್ಣ ಟ್ಯೂಬ್ ಕೂರಿಸುವುದು ಇನ್ನೊಂದು ದಾರಿ, ಮೊದಲಿನ ಆಪರೇಷನ್ ಕೈಕೊಟ್ಟವರಿಗೆ ಜಾಸ್ತಿ ಬಳಸುತ್ತಾರೆ. ಮಿಗ್ಸ್ ಅನ್ನುವ ಹೊಸ ಸಣ್ಣ ಆಪರೇಷನ್ನುಗಳಲ್ಲಿ ಅಪಾಯ ಕಡಿಮೆ, ಪ್ರೆಶರ್ ಇಳಿಯುವುದೂ ಕಡಿಮೆ. ಹೊಸದೆಲ್ಲ ಒಳ್ಳೆಯದು ಅಂತಲೂ ಅಲ್ಲ: ಸೈಪಾಸ್ ಅನ್ನುವ ಸ್ಟೆಂಟನ್ನು (ನೀರು ಹರಿಯಲು ಕೂರಿಸುವ ಪುಟ್ಟ ನಳಿಗೆ) 2018ರಲ್ಲಿ ಅದರ ಕಂಪನಿಯೇ ಹಿಂದಕ್ಕೆ ಪಡೆಯಿತು, ಐದು ವರ್ಷದ ಹೊತ್ತಿಗೆ ಕಾರ್ನಿಯಾದ ಕೋಶಗಳು ಹೆಚ್ಚು ಸಾಯುತ್ತಿದ್ದದ್ದು ಕಂಡುಬಂದಿತ್ತು.

ಎರಡೂ ಇದ್ದರೆ ಯಾವುದು ಮೊದಲು?

ಇದಕ್ಕೆ ಉತ್ತರ ನಿಮ್ಮ ಕಣ್ಣಿನ ಮೂಲೆ ತೆರೆದಿದೆಯಾ ಮುಚ್ಚಿದೆಯಾ ಅನ್ನುವುದರ ಮೇಲೆ ನಿಂತಿದೆ. ಅದನ್ನು ನೋಡುವ ಪರೀಕ್ಷೆಗೆ ಗೋನಿಯೋಸ್ಕೋಪಿ ಅನ್ನುತ್ತಾರೆ, ಕಣ್ಣಿನ ಮೇಲೆ ಕನ್ನಡಿಯಿರುವ ಒಂದು ಲೆನ್ಸ್ ಇಟ್ಟು ನೋಡುವುದು. ಇದಾಗದೆ ಮುಂದಿನ ಮಾತೇ ಬೇಡ.

ಮೂಲೆ ಕಿರಿದಾಗಿದ್ದರೆ ದಪ್ಪಗಾದ ಲೆನ್ಸೇ ಬಹಳ ಸಲ ಅದಕ್ಕೆ ಕಾರಣ. ಅದನ್ನು ತೆಗೆದು ತೆಳ್ಳನೆಯ ಕೃತಕ ಲೆನ್ಸ್ ಹಾಕಿದರೆ ಮೂಲೆ ತೆರೆದುಕೊಳ್ಳುತ್ತದೆ. 2016ರಲ್ಲಿ ಬಂದ ಈಗಲ್ ಅಧ್ಯಯನದಲ್ಲಿ 50 ದಾಟಿದ, ಪೊರೆಯೇ ಇಲ್ಲದ, ಆದರೆ ಮೂಲೆ ಮುಚ್ಚಿ ಪ್ರೆಶರ್ ಏರಿದವರನ್ನೋ ಗ್ಲಾಕೋಮಾ ಆದವರನ್ನೋ ಎರಡು ಗುಂಪು ಮಾಡಿ ನೋಡಿದರು. ಮೊದಲೇ ಲೆನ್ಸ್ ತೆಗೆಸಿದವರು ಲೇಸರ್ ತೂತಿನಿಂದ ಶುರುಮಾಡಿದವರಿಗಿಂತ ಚೆನ್ನಾಗಿದ್ದರು, ಪ್ರೆಶರಿನಲ್ಲೂ ದಿನನಿತ್ಯದ ಬದುಕಿನಲ್ಲೂ. ಪೊರೆ ಇಲ್ಲದವರಿಗೇ ಹೀಗೆ ಅಂದಮೇಲೆ ಪೊರೆಯೂ ಇದ್ದವರು ಕಾಯುವುದರಲ್ಲಿ ಏನರ್ಥ? ಮೂಲೆ ಬರೀ ಕಿರಿದಾಗಿದೆ, ಪ್ರೆಶರ್ ಸರಿ ಇದೆ, ನರ ಸರಿ ಇದೆ ಅಂದರೆ ಅದು ಬೇರೆ ಮಾತು. ಅಂಥವರಲ್ಲಿ ತೊಂದರೆ ಆಗುವುದು ಕಡಿಮೆ ಅಂತ ಚೀನಾದ ಗ್ವಾಂಗ್‌ಝೌನ ಅಧ್ಯಯನ 2019ರಲ್ಲಿ ತೋರಿಸಿತು, ಎಲ್ಲರಿಗೂ ಲೇಸರ್ ಬೇಕಾಗಿಲ್ಲ.

ಮೂಲೆ ತೆರೆದಿದ್ದು, ನರ ಸ್ವಲ್ಪವೇ ಸವೆದಿದ್ದು, ಒಂದೆರಡು ಹನಿಯಲ್ಲಿ ಪ್ರೆಶರ್ ಹಿಡಿತದಲ್ಲಿದ್ದರೆ ಪೊರೆ ಆಪರೇಷನ್ ಮಾತ್ರ ಸಾಕು. ಅದರಿಂದ ಪ್ರೆಶರೂ ತುಸು ಇಳಿಯುತ್ತದೆ, ಆದರೆ ಅದನ್ನೇ ನಂಬಿ ಹನಿ ನಿಲ್ಲಿಸುವಂತಿಲ್ಲ. ಹನಿಗಳನ್ನು ಕಡಿಮೆ ಮಾಡಬೇಕು ಅನ್ನುವವರಿಗೆ ಅದೇ ಹೊತ್ತಿನಲ್ಲಿ ಸಣ್ಣ ಸ್ಟೆಂಟ್ ಕೂರಿಸುವುದು ಒಂದು ಆಯ್ಕೆ. ನರ ತುಂಬಾ ಸವೆದಿದ್ದರೆ, ಮೂರು ಹನಿ ಹಾಕಿದರೂ ಪ್ರೆಶರ್ ಇಳಿಯದಿದ್ದರೆ, ಬರೀ ಪೊರೆ ತೆಗೆಸುವುದು ಅಪಾಯ. ಆಪರೇಷನ್ ಆದ ರಾತ್ರಿ ಪ್ರೆಶರ್ ಒಮ್ಮೆ ಜಿಗಿದರೂ ಉಳಿದ ಸ್ವಲ್ಪ ನೋಟ ಹೋಗಬಹುದು. ಅಂಥ ಕಣ್ಣಿಗೆ ಗ್ಲಾಕೋಮಾ ಆಪರೇಷನ್ ಮೊದಲು, ಇಲ್ಲವೇ ಎರಡೂ ಒಟ್ಟಿಗೆ. ಒಟ್ಟಿಗೆ ಮಾಡಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ, ಆದರೆ ಪ್ರೆಶರ್ ಇಳಿಯುವುದು ಗ್ಲಾಕೋಮಾ ಒಂದನ್ನೇ ಮಾಡಿದಷ್ಟು ಇರದೆ ಹೋಗಬಹುದು. ಬೇರೆ ಬೇರೆ ಮಾಡಿಸಿದರೆ ಮೊದಲಿನದು ಚೆನ್ನಾಗಿ ಕೂರಲು ಕೆಲವು ತಿಂಗಳು ಬಿಡುತ್ತಾರೆ, ಆರು ತಿಂಗಳಾದರೂ ಬಿಟ್ಟರೆ ಒಳ್ಳೆಯದು. ಅವಸರಪಟ್ಟರೆ ಆ ದಾರಿಯೇ ಮುಚ್ಚಿಹೋಗುವ ಸಾಧ್ಯತೆ ಜಾಸ್ತಿ.

ಆಪರೇಷನ್ನಿಗೆ ಮೊದಲು ಬಾಯಿಬಿಟ್ಟು ಹೇಳಬೇಕಾದ ಕೆಲವಿವೆ. ಮೂತ್ರದ ತೊಂದರೆಗೆ ಟಾಮ್ಸುಲೋಸಿನ್ ಮಾತ್ರೆ ತೆಗೆದುಕೊಳ್ಳುವ ಅಥವಾ ಹಿಂದೆ ತೆಗೆದುಕೊಂಡ ಗಂಡಸರು ಅದನ್ನು ಹೇಳಲೇಬೇಕು, ಕಣ್ಣಿನ ಬಣ್ಣದ ಪರದೆ ಸಡಿಲಾಗಿ ಪಾಪೆ ಆಪರೇಷನ್ ನಡುವೆ ಕಿರಿದಾಗಿಬಿಡುತ್ತದೆ, ಮೊದಲೇ ಗೊತ್ತಿದ್ದರೆ ಡಾಕ್ಟರು ತಯಾರಾಗಿರುತ್ತಾರೆ. ಹಿಂದೆ ಲೇಸಿಕ್ (ಕನ್ನಡಕದ ನಂಬರು ತೆಗೆಯಲು ಕಾರ್ನಿಯಾಕ್ಕೆ ಮಾಡುವ ಲೇಸರ್) ಆಗಿದ್ದರೆ ಹೇಳಿ, ಲೆನ್ಸಿನ ಪವರ್ ಲೆಕ್ಕವೇ ತಪ್ಪಬಹುದು. ರಕ್ತ ತೆಳುವಾಗಿಸುವ ಮಾತ್ರೆ, ಸ್ಟೀರಾಯ್ಡ್, ಹಳೆಯ ಪೆಟ್ಟು, ಮನೆಯಲ್ಲಿ ಗ್ಲಾಕೋಮಾ ಇರುವುದು, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಆಪರೇಷನ್ ಆದ ಮೇಲೆ ಕೊಡುವ ಸ್ಟೀರಾಯ್ಡ್ ಹನಿ ಉರಿಯೂತಕ್ಕೆ ಬೇಕೇಬೇಕು. ಆದರೆ ಗ್ಲಾಕೋಮಾ ಇರುವವರಲ್ಲಿ ಅದೇ ಹನಿ ಪ್ರೆಶರ್ ಏರಿಸುವುದು ಹೆಚ್ಚು. ಮಾರನೆಯ ದಿನ ಮತ್ತು ಮುಂದಿನ ವಾರಗಳಲ್ಲಿ ಪ್ರೆಶರ್ ನೋಡಿಸಿ, ಹೇಳಿದ ದಿನಕ್ಕಿಂತ ಜಾಸ್ತಿ ಆ ಹನಿಯನ್ನು ಸುಮ್ನೆ ಮುಂದುವರಿಸಬೇಡಿ. ಹಳೆಯ ಗ್ಲಾಕೋಮಾ ಹನಿ ಮುಂದುವರಿಸಬೇಕಾ, ಬದಲಾಯಿಸಬೇಕಾ ಅಂತಲೂ ಅವತ್ತೇ ಕೇಳಿ. ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ, ಕಣ್ಣು ಕೆಂಪೇರಿ ನೋಟ ಮಂಜಾಗುತ್ತಿದ್ದರೆ ಮರುದಿನಕ್ಕೆ ಬಿಡದೆ ಅವತ್ತೇ ಹೋಗಿ. ಒಳಗಿನ ಸೋಂಕು ಅಪರೂಪ, ಬಂದರೆ ಗಂಟೆಗಳ ಲೆಕ್ಕ.

ಪೊರೆ ತೆಗೆದ ಮೇಲೆ ಫೀಲ್ಡ್ ಟೆಸ್ಟ್ ಮತ್ತು ನರದ ಸ್ಕ್ಯಾನ್ ಹೊಸದಾಗಿ ಮಾಡಿಸಬೇಕು. ಪೊರೆ ಇದ್ದಾಗಿನ ರಿಪೋರ್ಟಿನಲ್ಲಿ ಮಂಜಿನದ್ದೆಷ್ಟು, ನರದ್ದೆಷ್ಟು ಅಂತ ಬೇರೆಮಾಡಲು ಆಗುವುದಿಲ್ಲ, ಹೊಸ ರಿಪೋರ್ಟೇ ಮುಂದಿನ ಎಲ್ಲ ವರ್ಷಗಳ ಅಳತೆ. ಅಮ್ಮನ ಫೈಲಿನಲ್ಲಿ ಈಗ ಮೊದಲು ಇರುವುದು ಆ ಹಾಳೆ. ಅವರ ಮಕ್ಕಳು, ಒಡಹುಟ್ಟಿದವರು ಎಲ್ಲರೂ ನರ ತೋರಿಸಿಕೊಳ್ಳಿ ಅಂತ ಡಾಕ್ಟರು ಹೇಳಿದ್ದರು, ಹತ್ತಿರದ ರಕ್ತಸಂಬಂಧದಲ್ಲಿ ಗ್ಲಾಕೋಮಾ ಬರುವ ಸಾಧ್ಯತೆ ಜಾಸ್ತಿ. ನಾನು ಹೋಗಿ ಬಂದೆ. ಪ್ರೆಶರ್ 19, ನರ ಚೆನ್ನಾಗಿದೆ, ವರ್ಷಕ್ಕೊಮ್ಮೆ ಬನ್ನಿ ಅಂದಿದ್ದಾರೆ. ಅಣ್ಣ ಇನ್ನೂ ಹೋಗಿಲ್ಲ, ಈ ತಿಂಗಳು ನಾನೇ ಕರೆದುಕೊಂಡು ಹೋಗುತ್ತಿದ್ದೇನೆ.